ವಾಸನೆ ಹೋದವರನ್ನೂ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಮತ್ತೆ ವೈರಲ್ ಜ್ವರ ಶುರುವಾಗಿದೆ. ಜ್ವರ, ಕೆಮ್ಮು, ಮೈಕೈ ನೋವು ಅಂದರೆ ಮಾತ್ರೆ ಬರೆದುಕೊಡುತ್ತಾರೆ. ವಾಸನೆ ಬರ್ತಿಲ್ಲ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮಂಡ್ಯ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಆಲೆಮನೆ ಇದೆ. ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುವುದು ನನ್ನ ಕೆಲಸ. ಹದ ಬಂತಾ ಅಂತ ಒಂದು ತೊಟ್ಟು ಪಾಕ ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತೇವೆ. ಆದರೆ ತಳ ಹಿಡಿಯುವುದು ಮೊದಲು ಗೊತ್ತಾಗುವುದು ಮೂಗಿಗೆ. ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ಜ್ವರ ಬಂತು. ಜ್ವರ ಬಿಟ್ಟರೂ ವಾಸನೆ ವಾಪಸ್ ಬರಲಿಲ್ಲ. ಒಲೆಗೆ ಸಿಪ್ಪೆ ಹಾಕುತ್ತಿದ್ದ ಹುಡುಗ ಓಡಿಬಂದು "ಅಣ್ಣಾ, ಸೀಯ್ತಾ ಅದೆ" ಅಂದ. ನನಗೆ ಏನೂ ಗೊತ್ತಾಗಿರಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡರೆ ಬರೀ ಸಿಹಿ, ಸಕ್ಕರೆಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಮನೆಯಲ್ಲಿ ಅವರೆಕಾಳು ಸಾರು ಮಾಡಿದರೆ ಉಪ್ಪು, ಹುಳಿ, ಖಾರ ಅಷ್ಟೇ ಸಿಗುತ್ತಿತ್ತು, ಸೊಗಡು ಇಲ್ಲ. ತಟ್ಟೆ ಮುಂದೆ ಕೂತರೆ ಅಳು ಬರುವ ಹಾಗಾಗುತ್ತಿತ್ತು.

ಮೊದಲು ತೋರಿಸಿದ ಕಡೆ "ತಾನಾಗೇ ಬರುತ್ತೆ, ಹೋಗಿ" ಅಂದರು. ಆಮೇಲೆ ಮೈಸೂರಿನಲ್ಲಿ ಒಬ್ಬ ಇಎನ್‌ಟಿ ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಇಂಥ ನಾಲ್ಕೈದು ಮಾತ್ರ. ನಾವು ರುಚಿ ಅನ್ನುವುದರಲ್ಲಿ ಬಹುಪಾಲು ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ. ಮೂಗಿನ ಒಳಗೆ ಮೇಲುಗಡೆ ಇರುವ ತೆಳ್ಳನೆ ಪೊರೆಯನ್ನು ವೈರಸ್ ಕೆಡಿಸುತ್ತದೆ. ಕೊರೊನಾ ಒಂದೇ ಅಲ್ಲ, ನೆಗಡಿ, ಫ್ಲೂ ವೈರಸ್‌ಗಳೂ ಹೀಗೆ ಮಾಡುತ್ತವಂತೆ. ಅಲ್ಲಿನ ವಾಸನೆಯ ನರಕೋಶಗಳು ಮತ್ತೆ ಹುಟ್ಟುತ್ತವೆ. ಹಾಗಾಗಿ ಜಾಸ್ತಿ ಜನರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ವರ್ಷ ದಾಟುವುದೂ ಉಂಟು.

ಕಾಯುವಾಗ ಮಾಡುವಂಥದ್ದೂ ಒಂದಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸಬೇಕು. ಒಂದೊಂದಕ್ಕೂ ಇಪ್ಪತ್ತು ಸೆಕೆಂಡ್, ಮೆಲ್ಲಗೆ, ಆ ವಾಸನೆಯನ್ನು ನೆನಪಿಗೆ ತಂದುಕೊಳ್ಳುತ್ತಾ. ಕಡಿಮೆ ಅಂದರೂ ಮೂರು ತಿಂಗಳು ಬಿಡದೆ ಮಾಡಬೇಕು. ಜರ್ಮನಿಯ ಡ್ರೆಸ್ಡೆನ್‌ನ ಡಾಕ್ಟರ್ ಥಾಮಸ್ ಹುಮ್ಮೆಲ್ ಮತ್ತು ಜೊತೆಗಾರರು 2009ರಲ್ಲೇ ಈ ಅಭ್ಯಾಸದ ಬಗ್ಗೆ ಬರೆದಿದ್ದಾರೆ. ಎಲ್ಲರಿಗೂ ಪೂರ್ತಿ ಗುಣ ಆಗುತ್ತದೆ ಅಂತಲ್ಲ. ನನಗೆ ಮೊದಲು ಬಂದದ್ದು ಲವಂಗ, ಅದೂ ಮಸುಕು ಮಸುಕಾಗಿ. ನಡುವೆ ಕಾಫಿ ಕೊಳೆತ ಹಾಗೆ ನಾರುತ್ತಿತ್ತು. ವಾಸನೆ ವಾಪಸ್ ಬರುವಾಗ ಹೀಗಾಗುವುದುಂಟು ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ಗ್ಯಾಸ್ ವಿಷಯ ಹೇಳಲೇಬೇಕು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇರುವುದಿಲ್ಲ. ಸೋರಿದರೆ ತಿಳಿಯಲಿ ಅಂತಲೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಮೂಗು ಕೆಲಸ ಮಾಡದವರು, ಅದರಲ್ಲೂ ಒಬ್ಬರೇ ಇರುವ ವಯಸ್ಸಾದವರು ಏನು ಮಾಡಬೇಕು? ರಾತ್ರಿ ರೆಗ್ಯುಲೇಟರ್ ಆಫ್ ಮಾಡಿ, ಪಕ್ಕದ ಮನೆಯವರಿಗೆ ವಿಷಯ ಹೇಳಿಟ್ಟಿರಿ. ಗ್ಯಾಸ್ ಸೋರಿಕೆಗೆ ಕರೆ ಮಾಡುವ ನಂಬರ್ 1906.

2020ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ವಾಸನೆ, ರುಚಿ ಹೋಗುವುದನ್ನು ಕೊರೊನಾ ಲಕ್ಷಣಗಳ ಪಟ್ಟಿಗೆ ಸೇರಿಸಿತ್ತು. ಆಗ ಎಲ್ಲರೂ ಕೇಳುತ್ತಿದ್ದರು. ಈಗಲೂ ಕೇಳಲಿ. ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಮೂಸುವ ಅಭ್ಯಾಸವನ್ನು ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ ಕೊಡಲಿ. ಜ್ವರ ಬಿಟ್ಟ ಮನೆಗೆ ಹೋದ ಆಶಾ ಕಾರ್ಯಕರ್ತೆಯರು "ವಾಸನೆ ಬರ್ತಾ ಇದೆಯಾ?" ಅಂತ ವಿಚಾರಿಸಲಿ. ವಾರಗಟ್ಟಲೆ ಬಾರದಿದ್ದವರನ್ನು ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಲಿ.

ಇಂತಿ,
ಆಲೆಮನೆಯ ಒಬ್ಬ ಓದುಗ
ಮಂಡ್ಯ ತಾಲ್ಲೂಕು