ಹೆಡ್‌ಲೈಟ್‌ ಒಳಗೆ ಕಪ್ಪು ಬಣ್ಣ: ಬೆಜೆಲ್‌ಗೆ ಸರಿ, ಬಟ್ಟಲಿಗೆ ಬೇಡ

ಸಂಪಾದಕರಿಗೆ,

ಹೆಡ್‌ಲೈಟ್ ಬಿಚ್ಚಿ ಒಳಗೆ ಕಪ್ಪು ಬಣ್ಣ ಹೊಡೆಯುವ ಖಯಾಲಿ ಹುಬ್ಬಳ್ಳಿ-ಧಾರವಾಡದ ಹುಡುಗರಲ್ಲೂ ಇದೆ. ವಿಡಿಯೊ ನೋಡಿ ಮನೆಯಂಗಳದಲ್ಲೇ ಮಾಡಿಕೊಳ್ಳುವವರಿದ್ದಾರೆ. ಅಚ್ಚುಕಟ್ಟಾಗಿ ಮಾಡಿದರೆ ಚೆಂದವೇ ಕಾಣುತ್ತದೆ. ಆದರೆ ಬಣ್ಣ ಬೀಳಬಾರದ ಕಡೆ ಬಿದ್ದರೆ, ಮಳೆಗಾಲದ ರಾತ್ರಿ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೊರಟವರಿಗೆ ರಸ್ತೆಯ ಅಂಚೇ ಕಾಣುವುದಿಲ್ಲ.

ದೀಪದೊಳಗೆ ಹೊಳೆಯುವುದೆಲ್ಲ ಒಂದೇ ಅಲ್ಲ. ಬಲ್ಬಿನ ಹಿಂದಿನ ಬಟ್ಟಲು ರಿಫ್ಲೆಕ್ಟರ್. ಬೆಳಕನ್ನು ರಸ್ತೆಗೆ ಹಾಯಿಸುವುದು ಅದೇ. ಅದರ ಸುತ್ತ ಅಂದಕ್ಕೆ ಕೂರಿಸಿದ ಕ್ರೋಮ್ ಚೌಕಟ್ಟು ಬೆಜೆಲ್. ಬಣ್ಣ ಬೆಜೆಲ್‌ಗೆ ಮಾತ್ರ. ರಿಫ್ಲೆಕ್ಟರ್ ಮೇಲಿನ ಅಲ್ಯುಮಿನಿಯಂ ಲೇಪ ಒಂದು ಮೈಕ್ರಾನಿಗಿಂತ ತೆಳು. ಬೆರಳು ತಾಗಿದರೆ ಕಲೆ ಉಳಿಯುತ್ತದೆ, ಬಟ್ಟೆಯಿಂದ ಒರೆಸಿದರೆ ಲೇಪವೇ ಕಿತ್ತು ಬರುತ್ತದೆ. ಎಚ್4 ಬಲ್ಬಿನ (ಹೈ, ಲೋ ಬೀಮ್ ಎರಡೂ ಒಂದರಲ್ಲೇ ಇರುವ) ಹಲವು ಹಳೆಯ ಸಣ್ಣ ಕಾರುಗಳಲ್ಲಿ ಬೆಜೆಲ್ ಬೇರೆ ಇರುವುದೇ ಇಲ್ಲ, ಇಡೀ ಬಟ್ಟಲೇ ರಿಫ್ಲೆಕ್ಟರ್. ಅಂಥ ದೀಪಕ್ಕೆ ಈ ಕೆಲಸ ಬೇಡವೇ ಬೇಡ.

ಬಿಚ್ಚುವ ಮೊದಲು ಲೆನ್ಸ್ (ದೀಪದ ಮುಂದಿನ ಪಾರದರ್ಶಕ ಮುಚ್ಚಳ) ಅಂಟಿರುವ ಸಂದಿಗೆ ಸೂಜಿ ಚುಚ್ಚಿ ನೋಡಿ. ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂದರೆ ಅದು ಬ್ಯೂಟೈಲ್ ಎಂಬ ಅಂಟು, ಬಿಸಿಗೆ ಬಿಡುತ್ತದೆ. ಗಟ್ಟಿ ರಬ್ಬರಿನಂತಿದ್ದರೆ ಬಿಸಿಗೆ ಬಗ್ಗದು, ಕತ್ತರಿಸಲು ಹೋದರೆ ಲೆನ್ಸ್ ಒಡೆಯುತ್ತದೆ, ಅಲ್ಲಿಗೇ ಕೈಬಿಡಿ. ಬ್ಯಾಟರಿಯ ನೆಗೆಟಿವ್ ತೆಗೆದು, ಬಲ್ಬು, ರಬ್ಬರ್ ಮುಚ್ಚಳ, ಸುತ್ತಲಿನ ಸ್ಕ್ರೂ ಎಲ್ಲ ಬಿಚ್ಚಿಕೊಳ್ಳಿ. ಅಡುಗೆಮನೆಯ ಓವನ್‌ನಲ್ಲಿ ಕಾರಿನ ದೀಪ ಹಿಡಿಸುವುದಿಲ್ಲ, ಬಿಸಿಗಾಳಿ ಊದುವ ಹೀಟ್ ಗನ್ನೇ ಬೇಕು. ಬ್ಯೂಟೈಲ್ 90ರಿಂದ 100 ಡಿಗ್ರಿಗೆ ಮೆತ್ತಗಾಗುತ್ತದೆ. ಲೆನ್ಸಿನ ಪಾಲಿಕಾರ್ಬೊನೇಟ್ 145ರ ಸುಮಾರಿಗೆ ಸೊಟ್ಟಗಾಗುತ್ತದೆ. ಆದ್ದರಿಂದ ಗನ್ ಒಂದೇ ಕಡೆ ನಿಲ್ಲಬಾರದು. ಸಂದಿಯ ಸುತ್ತ ಆಡಿಸುತ್ತ, ಒಂದು ಮೂಲೆಯಿಂದ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ನಿಧಾನ ಎಬ್ಬಿಸಿ. ಗಟ್ಟಿಯಾದ ಕಡೆ ಬಲ ಹಾಕದೆ ಮತ್ತೆ ಬಿಸಿ ಕೊಡಿ. ಲೆನ್ಸ್ ಹಿಡಿದಿಡುವ ಲಾಕ್ ಮುರಿಯುವುದು ಅವಸರದವರ ಕೈಯಲ್ಲೇ.

ಬೆಜೆಲ್ ಹೊರತೆಗೆದ ಮೇಲೆ 600 ನಂಬರಿನ ವಾಟರ್ ಪೇಪರ್‌ನಿಂದ (ನೀರು ಹಚ್ಚಿ ಉಜ್ಜುವ ಮರಳು ಕಾಗದ) ಕ್ರೋಮ್ ಹೊಳಪು ಪೂರ್ತಿ ಸಾಯುವ ತನಕ ಉಜ್ಜಿ. ಹೊಳಪು ಉಳಿದ ಮೂಲೆಯಲ್ಲಿ ಬಣ್ಣ ಹಪ್ಪಳದಂತೆ ಎದ್ದು, ಮುಂದೆ ಲೆನ್ಸಿನೊಳಗೆ ಚೂರಾಗಿ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪ್ಲಾಸ್ಟಿಕ್ ಪ್ರೈಮರ್ ಒಂದು ಕೋಟ್, ನಂತರ ಬಿಸಿ ತಡೆಯುವ ಮ್ಯಾಟ್ ಬ್ಲ್ಯಾಕ್ ಸ್ಪ್ರೇ ಮೂರು ತೆಳು ಕೋಟ್. ನಡುವೆ ಹದಿನೈದು ನಿಮಿಷ ಬಿಡಿ. ಥಿನ್ನರನ್ನು ಲೆನ್ಸಿನ ಹತ್ತಿರವೂ ತರಬೇಡಿ. ಒಂದು ಹನಿ ಬಿದ್ದರೂ ಪಾಲಿಕಾರ್ಬೊನೇಟ್ ಬೆಳ್ಳಗಾಗಿ ಕೂದಲೆಳೆಯ ಬಿರುಕು ಬಿಡುತ್ತದೆ.

ಹೆಚ್ಚಿನ ಕೆಲಸ ಕೆಡುವುದು ಇಲ್ಲಿಂದ ಮುಂದೆ. ಮುಟ್ಟಿದರೆ ಒಣಗಿದೆ ಎನಿಸಿದ ಬಣ್ಣದಿಂದ ಇನ್ನೂ ದಿನಗಟ್ಟಲೆ ಆವಿ ಹೊರಡುತ್ತದೆ. ಸಂಜೆಯೇ ಮುಚ್ಚಿದರೆ, ಬಲ್ಬಿನ ಬಿಸಿಗೆ ಆ ಆವಿ ಎದ್ದು ಲೆನ್ಸಿನ ಒಳಗೆ ಹಾಲಿನ ಕೆನೆಯಂತೆ ಕೂರುತ್ತದೆ. ಮತ್ತೆ ಬಿಚ್ಚದೆ ಅದು ಹೋಗುವುದಿಲ್ಲ. ಮೂರು ದಿನವಾದರೂ ಬಿಸಿಲಿಗಿಡಿ. ಆಮೇಲೆ ಬೆಜೆಲನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಒಂದು ಗಾಜಿನ ತುಂಡಿನೊಡನೆ ಇಟ್ಟು, ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ತಾಸು ಬಿಡಿ. ಗಾಜು ಮಸುಕಾದರೆ ಇನ್ನೂ ಕಾಯಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ. ಪಸೆಯ ಗಾಳಿಯನ್ನೂ ಒಳಗೇ ಮುಚ್ಚಿದಂತಾಗುತ್ತದೆ.

ಮುಚ್ಚುವಾಗ ಹಳೆ ಬ್ಯೂಟೈಲ್ ಕೆರೆದು, 8ರಿಂದ 10 ಮಿ.ಮೀ. ದಪ್ಪದ ಹೊಸ ಬ್ಯೂಟೈಲ್ ಹುರಿಯನ್ನು ಮೂಲೆಯಲ್ಲೂ ತುಂಡಾಗದಂತೆ ಅಂಚಿನ ತೋಡಿನಲ್ಲಿ ಕೂರಿಸಿ, ಬಿಸಿ ಮಾಡಿ, ಲೆನ್ಸ್ ಒತ್ತಿ ಕ್ಲಾಂಪ್ ಹಾಕಿ. ಬಚ್ಚಲುಮನೆಗೆ ಬಳಸುವ, ವಿನೆಗರಿನ ಹುಳಿ ವಾಸನೆಯ ಸಿಲಿಕೋನ್ ಬೇಡ. ಅದರಿಂದ ಬರುವ ಅಸಿಟಿಕ್ ಆಮ್ಲದ ಆವಿ ರಿಫ್ಲೆಕ್ಟರ್ ಲೇಪವನ್ನು ತಿನ್ನುತ್ತದೆ. ಹಿಂಬದಿಯ ಗಾಳಿಕಿಂಡಿಗಳನ್ನು ನೀರು ಬರುತ್ತದೆಂದು ಮುಚ್ಚಬೇಡಿ. ಒಳಗಿನ ಪಸೆ ಹೊರಹೋಗುವುದು ಅಲ್ಲಿಂದಲೇ.

ಇಷ್ಟೆಲ್ಲ ಮಾಡಿದವರೂ ದೀಪದ ದಿಕ್ಕು ನೋಡದೆ ಗಾಡಿ ಹೊರಡಿಸುವುದುಂಟು. ಇದು ಎದುರಿನವರ ಜೀವದ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದಂತೆ, ದೀಪದಿಂದ 8 ಮೀಟರ್ ದೂರದಲ್ಲಿ, ಅದರ ಬಲಕ್ಕೆ ಅರ್ಧ ಮೀಟರ್ ಸರಿದು, 1.5 ಮೀಟರ್ ಎತ್ತರದಲ್ಲಿ ಇರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಸಮತಟ್ಟು ಜಾಗ ನೋಡಿ, ಟೈರಿನ ಗಾಳಿ ಸರಿಮಾಡಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಬೆಳಕಿನ ಎತ್ತರ ಬದಲಿಸುವ ಲೆವೆಲಿಂಗ್ ಗುಂಡಿ ಸೊನ್ನೆಗಿಟ್ಟು, ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ಬಲ್ಬಿನ ಎತ್ತರಕ್ಕೆ ಗೋಡೆ ಮೇಲೆ ಗೆರೆ ಎಳೆಯಿರಿ. ದೀಪದ ಮೇಲೆ 1% (ಬೆಳಕು ಕೆಳಗಿಳಿಯಬೇಕಾದ ಪ್ರಮಾಣ) ಎಂದು ಬರೆದಿದ್ದರೆ ಲೋ ಬೀಮ್‌ನ ಮೇಲಂಚು ಆ ಗೆರೆಗಿಂತ 10 ಸೆಂ.ಮೀ. ಕೆಳಗೆ ಬೀಳಬೇಕು. ಬೀಳದಿದ್ದರೆ ದೀಪದ ಹಿಂದಿನ ಹೊಂದಾಣಿಕೆ ಸ್ಕ್ರೂ ತಿರುಗಿಸಿ ಸರಿಮಾಡಿದ ಮೇಲೆಯೇ ರಾತ್ರಿ ರಸ್ತೆಗಿಳಿಯಿರಿ.

– ಆಟೊ ಎಲೆಕ್ಟ್ರಿಷಿಯನ್, ಗೋಕುಲ ರಸ್ತೆ, ಹುಬ್ಬಳ್ಳಿ