ಕಂಬದ ಸೀಳಿಗೆ ಗ್ರೈಂಡರ್ ಬೇಡ

ಮಾನ್ಯ ಸಂಪಾದಕರೇ,

ಮಲೆನಾಡಿನ ಹೋಂಸ್ಟೇ, ಜಗುಲಿಗಳಲ್ಲಿ ಮರದ ಕಂಬದ ಬುಡ ಸೀಳಿ, ಒಳಗೆ ಕಬ್ಬಿಣದ ಪ್ಲೇಟ್ ಅಡಗಿಸಿ, ನೆಲದಿಂದ ಒಂದಿಂಚು ಮೇಲೆ ನಿಲ್ಲಿಸುವುದು ಈಗ ರೂಢಿಯಾಗುತ್ತಿದೆ. ಕ್ರಮ ಒಳ್ಳೆಯದೇ. ಬುಡ ನೀರು ಕುಡಿಯುವುದಿಲ್ಲ, ಗೆದ್ದಲು ಹತ್ತಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಆದರೆ ಕೆಲವೆಡೆ ಸೀಳು ಕೊಯ್ಯುವ ರೀತಿ ಅಪಾಯಕಾರಿ.

ಕಬ್ಬಿಣ ಕೊಯ್ಯುವ ನಾಲ್ಕಿಂಚಿನ ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಹಾಕಿ ಕಣ್ಣಂದಾಜಿನಲ್ಲಿ ಕೊಯ್ಯುತ್ತಾರೆ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಹಲ್ಲು ಗಂಟಿಗೆ ಸಿಕ್ಕಿದರೆ ಯಂತ್ರ ಮೈಮೇಲೇ ಹಾರುತ್ತದೆ. ಸೀಳೂ ಸೊಟ್ಟಗಾಗಿ, ಪ್ಲೇಟನ್ನು ಸುತ್ತಿಗೆಯಿಂದ ಹೊಡೆದು ಇಳಿಸಬೇಕಾಗುತ್ತದೆ. ಅಲ್ಲಿಂದಲೇ ಕಂಬ ಬಿರಿಯುವುದು.

ಐದಿಂಚಿನ (125 ಮಿ.ಮೀ.) ಕಂಬಕ್ಕೆ 6 ಮಿ.ಮೀ. ಪ್ಲೇಟ್ ಎಂದುಕೊಳ್ಳಿ. ತುಕ್ಕು ತಡೆಯಲು ಪ್ಲೇಟಿಗೆ ಕೊಡುವ ಸತುಲೇಪನದ ದಪ್ಪವೂ ಸೇರುವುದರಿಂದ ಸೀಳು 8 ಮಿ.ಮೀ. ಇರಲಿ. ಮೊದಲು ಬೇಡದ ತುಂಡಿನಲ್ಲಿ ಒಮ್ಮೆ ಕೊಯ್ದು ಬ್ಲೇಡ್ ಎಷ್ಟು ಅಗಲ ತಿನ್ನುತ್ತದೆಂದು ಅಳೆಯಿರಿ. 3 ಮಿ.ಮೀ. ತಿಂದರೆ 5 ಮಿ.ಮೀ. ದಪ್ಪದ ಪಟ್ಟಿಯೊಂದು ಬೇಕು. ಕಂಬಕ್ಕೆ ನೇರ ರೀಪು ಬಿಗಿದು ಸರ್ಕ್ಯುಲರ್ ಗರಗಸದಿಂದ ಒಮ್ಮೆ ಕೊಯ್ಯಿರಿ. ಗರಗಸಕ್ಕೂ ರೀಪಿಗೂ ನಡುವೆ ಆ ಪಟ್ಟಿ ಇಟ್ಟು ಮತ್ತೊಮ್ಮೆ ಕೊಯ್ದರೆ ಎರಡು ಅಂಚೂ ಸರಿಯಾಗಿ 8ಕ್ಕೆ ಬರುತ್ತವೆ. ನಡುವೆ ಉಳಿದ ತೆಳು ಸಿಬಿರನ್ನು ಉಳಿಯಿಂದ ತೆಗೆಯಬಹುದು.

ಏಳಿಂಚಿನ ಬ್ಲೇಡ್ ಸುಮಾರು 63 ಮಿ.ಮೀ. ಆಳ ಹೋಗುವುದರಿಂದ ಎದುರು ಮುಖದಿಂದಲೂ ಕೊಯ್ಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಕಂಬ ಪೂರ್ತಿ ಚೌಕವಾಗಿರುವುದು ಅಪರೂಪ. ಎರಡೂ ಮುಖಗಳ ಗೀರನ್ನು ಒಂದೇ ಪಕ್ಕದಿಂದ ಅಳೆದು ಹಾಕದಿದ್ದರೆ ಸೀಳುಗಳು ನಡುವೆ ಕೂಡುವುದಿಲ್ಲ. ಬ್ಲೇಡ್ ದುಂಡಗಿರುವುದರಿಂದ ಸೀಳಿನ ತುದಿಯಲ್ಲಿ, ಕಂಬದ ಒಳಗೆ, ಮರ ಉಳಿಯುತ್ತದೆ. ಅದನ್ನು ಕೊಯ್ಯಲೆಂದು ಹೊರಮುಖದ ಗೀರು ದಾಟಬೇಡಿ. ತುದಿಯಲ್ಲಿ ಮೊದಲೇ 8 ಮಿ.ಮೀ. ತೂತು ಆರಪಾರ ಕೊರೆದಿಟ್ಟು, ಉಳಿದದ್ದನ್ನು ಕೈಗರಗಸದಿಂದ ಬಿಡಿಸಿ. ಒಳಗಿನ ಪ್ಲೇಟ್ ಬುಡದ ಅಡ್ಡ ಪ್ಲೇಟಿಗೆ ಸೇರುವಲ್ಲಿ ಬೆಸುಗೆಯ ಉಬ್ಬು ಇರುತ್ತದೆ. ಸೀಳಿನ ಬಾಯಿಯನ್ನು ಅಷ್ಟು ಹೆರೆಯದಿದ್ದರೆ ಕಂಬ ಕೂರುವುದಿಲ್ಲ.

ಪ್ಲೇಟ್ ಬಿಗಿಯುವ 12 ಮಿ.ಮೀ. ಬೋಲ್ಟನ್ನು ಕಂಬದ ಬುಡದ ತುದಿಯಿಂದ 85 ಮಿ.ಮೀ.ಗಿಂತ ಹತ್ತಿರ ಹಾಕಬೇಡಿ. ಎರಡು ಬೋಲ್ಟ್ ಇದ್ದರೆ ಮೇಲೊಂದು ಕೆಳಗೊಂದು ಇರಲಿ. ಅಕ್ಕಪಕ್ಕ ಹಾಕಿದರೆ ಮರ ಒಣಗಿ ಕುಗ್ಗುವಾಗ ಪ್ಲೇಟ್ ತಡೆಯುತ್ತದೆ, ಕಂಬ ನಡುವೆ ಸೀಳುತ್ತದೆ. ಹಸಿ ಅಕೇಶಿಯಾ, ನೀಲಗಿರಿ ಕಂಬಗಳಂತೂ ಕೊಯ್ಯುವಾಗಲೇ ಬಾಯಿ ಬಿಡಬಹುದು ಇಲ್ಲವೇ ಬ್ಲೇಡನ್ನು ಹಿಡಿಯಬಹುದು. ಒಣಗಿಸಿದ ಮೇಲೆಯೇ ಕೈ ಹಾಕಿ. ತೇಗಕ್ಕೆ ಕಾರ್ಬೈಡ್ ಹಲ್ಲಿನ ಬ್ಲೇಡೇ ಬೇಕು, ತೇಗದಲ್ಲಿರುವ ಸಿಲಿಕಾ ಮಾಮೂಲಿ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ.

ಪ್ಲೇಟಿನ ತೂತುಗಳನ್ನು ಸತುಲೇಪನಕ್ಕೆ ಮೊದಲೇ ಕೊರೆಸಿ. ಆಮೇಲೆ ಕೊರೆದರೆ ಬರಿ ಕಬ್ಬಿಣ ಮರದೊಳಗೆ ತುಕ್ಕು ಹಿಡಿಯುತ್ತದೆ. ಚೊಗರಿನ ಮರವಾದರೆ ಕಪ್ಪು ಕಲೆಯೂ ಮೂಡುತ್ತದೆ.

– ಮರಗೆಲಸದವರು, ಸಾಗರ