ಆ ತಾಳಿ ನಾಟಕದ್ದಮ್ಮ

ಮ್ಯೂನಿಕ್, ಭಾನುವಾರ

ಅಮ್ಮನಿಗೆ ನಮಸ್ಕಾರ. ಅಪ್ಪನಿಗೂ. ನಾನಿಲ್ಲಿ ಕ್ಷೇಮ. ಅಪ್ಪನ ಬಿಪಿ ಮಾತ್ರೆ ತಪ್ಪದಿರಲಿ.

ಪುಟ್ಟಿ ಕೈಲಿ ಟೈಪ್ ಮಾಡಿಸಿ ಕಳಿಸಿದ್ದನ್ನು ಓದಿದೆ. ಅಷ್ಟುದ್ದ ಬರೆಸಿದ್ದೀಯ, ಕೇಳಿರುವುದು ಮಾತ್ರ ಒಂದೇ. ತಾಳಿ ಯಾರು ಕಟ್ಟಿದ್ದು ಅಂತ. ಯಾರೂ ಕಟ್ಟಿಲ್ಲ ಮಾರಾಯ್ತಿ. ಬಚ್ಚಲುಮನೆಯ ಕನ್ನಡಿ ಮುಂದೆ ನಿಂತು ನಾನೇ ಕಟ್ಟಿಕೊಂಡಿದ್ದು. ಹತ್ತಿ ದಾರಕ್ಕೆ ಅಡುಗೆ ಅರಿಶಿನ ಹಚ್ಚಿ, ನನ್ನ ಹಳೇ ಕಿವಿಯೋಲೆ ಪೋಣಿಸಿದ್ದು. ಸಾಗರದ ಅತ್ತೆ ಊರಿಗೆಲ್ಲ ಹಂಚಿದ ಫೋಟೋ ನಿನ್ನ ಹತ್ತಿರವೂ ಇದೆಯಲ್ಲ, ದೊಡ್ಡದು ಮಾಡಿ ನೋಡು. ಮಾರಿಜಾತ್ರೆಯಲ್ಲಿ ನೀನೇ ಕೊಡಿಸಿದ ಓಲೆ.

ಸೀರಿಯಲ್ ಮಾಡುತ್ತಿದ್ದೇವೆ ಅಂತ ದೀಪಾವಳಿಗೇ ಹೇಳಿದ್ದೆ. ನೀನು ಹೂಂ ಹೂಂ ಅಂತ ಕುಕ್ಕರ್ ನೋಡಲು ಹೋದೆ. ಕನ್ನಡದ್ದೇ ಸೀರಿಯಲ್. ಹೊಸದಾಗಿ ಮದುವೆಯಾದ ಇಬ್ಬರು ಇಲ್ಲಿ ಬಾಡಿಗೆ ಮನೆ ಹುಡುಕುವ ಕಥೆ. ಈ ಊರಲ್ಲಿ ಮನೆ ಸಿಗುವುದು ಹೆಣ್ಣು ಸಿಗುವುದಕ್ಕಿಂತ ಕಷ್ಟ. ಸಂಬಳದ ಚೀಟಿ ತೋರಿಸಬೇಕು, ಸಾಲ ಬಾಕಿ ಇಲ್ಲ ಅಂತ ಪತ್ರ ಕೊಡಬೇಕು, ಮೂರು ತಿಂಗಳ ಬಾಡಿಗೆ ಅಡ್ವಾನ್ಸ್ ಇಡಬೇಕು. ಇಷ್ಟೆಲ್ಲ ಆಗಿ ಒಳಗೆ ಹೋದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ! ಹಿಂದಿನವರು ಒಲೆ, ಸಿಂಕು, ಕಪಾಟು ಎಲ್ಲ ಕಿತ್ತುಕೊಂಡು ಹೋಗಿರುತ್ತಾರೆ. ಗೋಡೆಯಿಂದ ಪೈಪು ಮಾತ್ರ ಹೊರಗೆ ಬಂದಿರುತ್ತದೆ. ನಮ್ಮ ಮೊದಲ ಕಂತು ಅದೇ. ಹೆಂಡತಿ ಕೈಯಲ್ಲಿ ಕುಕ್ಕರ್ ಹಿಡಿದುಕೊಂಡು ಆ ಪೈಪನ್ನೇ ನೋಡುತ್ತಾ ನಿಂತಿರುತ್ತಾಳೆ. ಎಲ್ಲರೂ ನಕ್ಕರು.

ಹೆಂಡತಿ ಪಾತ್ರಕ್ಕೆ ಬೇರೆಯವರಿದ್ದರು. ಅವರು ಊರಿಗೆ ಹೊರಟರು. ದುಡ್ಡಿಲ್ಲದೆ, ರಜೆ ದಿನ, ಈ ಚಳಿಯಲ್ಲಿ ಇನ್ಯಾರು ಬರುತ್ತಾರೆ? ಅದಕ್ಕೆ ನಾನು. ಗಂಡನ ಪಾತ್ರ ಹಾಸನದ ಹುಡುಗನದು. ಬರೀ ಪಾತ್ರ. ಅವನು ಕಾಣುವಾಗ ಕ್ಯಾಮೆರಾ ನಾನು ಹಿಡಿಯುತ್ತೇನೆ, ನಾನು ಕಾಣುವಾಗ ಅವನು. ಹಾಗಾಗಿ ನಮ್ಮ ಸೀರಿಯಲ್‌ನಲ್ಲಿ ಗಂಡ ಹೆಂಡತಿ ಜೊತೆಗೆ ಕಾಣುವುದೇ ಕಡಿಮೆ. ನಾನು ಎಡಕ್ಕೆ ನೋಡಿ ಬೈಯುತ್ತೇನೆ, ಅವನು ಬಲಕ್ಕೆ ನೋಡಿ ಸುಮ್ಮನಿರುತ್ತಾನೆ. ಜೋಡಿಸಿದಾಗ ಎದುರುಬದುರು ನಿಂತ ಹಾಗೆ ಕಾಣುತ್ತದೆ. ಅತ್ತೆಗೆ ಸಿಕ್ಕ ಫೋಟೋ, ಇಬ್ಬರೂ ಒಟ್ಟಿಗಿರುವ ಒಂದೇ ಒಂದು ಶಾಟಿನದ್ದು. ಹಾಗಂತ ಇಬ್ಬರೇ ಇರುತ್ತೇವೆ ಅಂದುಕೊಳ್ಳಬೇಡ. ಸೌಂಡ್ ನೋಡಲು ಗುಂಟೂರಿನ ಹುಡುಗಿ ಇರುತ್ತಾಳೆ, ಬಂದ ದಿನ.

ದುಡ್ಡು ಸುರಿಯುತ್ತಿದ್ದಾಳೆ ಅಂತ ಮಾವ ಅಂದರಂತೆ. ಏನು ಸುರಿಯುವುದು? ಕ್ಯಾಮೆರಾ ನನ್ನ ಫೋನು. ಲೈಟು ಅಂದರೆ ಕಿಟಕಿ. ಟಿವಿ ಪೆಟ್ಟಿಗೆಯ ಥರ್ಮಾಕೋಲ್ ಹಿಡಿದು ಆ ಬೆಳಕನ್ನೇ ಮುಖಕ್ಕೆ ಹೊಡೆಸುತ್ತೇವೆ. ಟ್ರಾಲಿ ಅಂದರೆ ಗಾಲಿ ಕುರ್ಚಿ, ಒಬ್ಬರು ಕೂತರೆ ಒಬ್ಬರು ತಳ್ಳುವುದು. ಎಡಿಟಿಂಗಿಗೆ ದವಿಂಚಿ ರಿಸಾಲ್ವ್ ಅಂತ ಇದೆ, ದೊಡ್ಡ ಸಿನಿಮಾದವರೂ ಬಣ್ಣ ಸರಿ ಮಾಡಲು ಅದನ್ನೇ ಬಳಸುತ್ತಾರೆ, ಅದರ ಪುಕ್ಕಟೆ ಆವೃತ್ತಿಯೇ ನಮಗೆ ಧಾರಾಳ. ಕಾಸು ಕೊಟ್ಟು ತಂದಿದ್ದು ಕಾಲರಿಗೆ ಸಿಕ್ಕಿಸುವ ಮೈಕು ಒಂದೇ. ಅದು ಬೇಕೇ ಬೇಕು. ಚಿತ್ರ ಮಬ್ಬಾದರೆ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಫ್ರಿಜ್ಜಿನ ಗುಂಯ್ ಸದ್ದು ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ, ಮೈಕಿಗೆ ಮಾತ್ರ ಅದೇ ಮೊದಲು ಕೇಳುತ್ತದೆ. ಅದಕ್ಕೆ ಶೂಟಿಂಗ್ ಹೊತ್ತಿಗೆ ಫ್ರಿಜ್ ಆರಿಸಿ, ಮನೆ ಬೀಗದ ಕೈಯನ್ನು ಮೊಸರಿನ ಡಬ್ಬಿ ಪಕ್ಕ ಇಟ್ಟುಬಿಡುತ್ತೇವೆ. ಹೊರಗೆ ಹೋಗಬೇಕಾದರೆ ಫ್ರಿಜ್ ತೆಗೆಯಲೇಬೇಕಲ್ಲ, ಆಗ ಸ್ವಿಚ್ಚು ನೆನಪಾಗುತ್ತದೆ. ಇಲ್ಲಿಯವರೆಗೆ ಹಾಲು ಕೆಟ್ಟಿಲ್ಲ.

ಅಪ್ಪನಿಗೆ ಒಂದು ಹೇಳು. ಸಿನಿಮಾದವರ ಅರಿ ಕ್ಯಾಮೆರಾ ಇದೆಯಲ್ಲ, ಆ ಕಂಪನಿ 1917ರಲ್ಲಿ ಶುರುವಾದದ್ದು ಇದೇ ಮ್ಯೂನಿಕ್‌ನಲ್ಲಿ. ಅಂಥ ಊರಲ್ಲಿ ಮಗಳು ಫೋನಿಗೆ ರಬ್ಬರ್ ಬ್ಯಾಂಡ್ ಹಾಕಿ ಶೂಟಿಂಗ್ ಮಾಡುತ್ತಿದ್ದಾಳೆ ಅಂದರೆ ಅವರು ನಗುತ್ತಾರೆ. ಗುರುತು ಸಿಗುವ ಹಾಗೆ ದಾರಿಹೋಕರ ಮುಖ ತೆಗೆದು ಕೇಳದೆ ಹಾಕುವ ಹಾಗಿಲ್ಲ ಇಲ್ಲಿ, 1907ರ ಕಾನೂನು ಇದೆ. (ಅತ್ತೆಗೆ ಇಲ್ಲಿಯ ಕಾನೂನು ಅನ್ವಯಿಸುವುದಿಲ್ಲ, ಏನು ಮಾಡುವುದು.) ಅದಕ್ಕೆ ಬೀದಿಯ ದೃಶ್ಯಗಳೆಲ್ಲ ಭಾನುವಾರ. ಅಂಗಡಿಗಳು ಮುಚ್ಚಿರುತ್ತವೆ, ಬೀದಿ ಖಾಲಿ.

ಆದರೆ ಭಾನುವಾರ ಇಲ್ಲಿ ಮೌನ ವ್ರತ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಖಾಲಿ ಬಾಟಲಿಯನ್ನು ಬೀದಿಯ ಡಬ್ಬಕ್ಕೆ ಹಾಕುವಂತಿಲ್ಲ, ಗಾಜು ಸದ್ದು ಮಾಡುತ್ತದಂತೆ. ನಮ್ಮದು ಅವತ್ತು ಜಗಳದ ದೃಶ್ಯ. ಒಂದೇ ಮಾತನ್ನು ಮೊದಲು ಕ್ಯಾಮೆರಾ ನನ್ನ ಮುಖದ ಮೇಲಿಟ್ಟು, ಆಮೇಲೆ ಅವನ ಮುಖದ ಮೇಲಿಟ್ಟು, ಮತ್ತೆ ಮತ್ತೆ ಕಿರುಚಬೇಕು. ಕೆಳಗಿನ ಮನೆಯ ಅಜ್ಜಿ ಬೆಲ್ ಮಾಡಿದರು. ಬೈಯುತ್ತಾರೆ ಅಂದುಕೊಂಡರೆ, ನನ್ನೊಬ್ಬಳನ್ನೇ ಮೆಟ್ಟಿಲ ಹತ್ತಿರ ಕರೆದು, ರಾತ್ರಿಗೆ ನಮ್ಮ ಮನೆಯಲ್ಲೇ ಮಲಗು ಮಗೂ, ಹೆದರಬೇಡ ಅಂದರು! ವಿಷಯ ಹೇಳಿ ರೆಕಾರ್ಡಿಂಗ್ ತೋರಿಸಿದೆ. ಕಣ್ಣು ಒರೆಸಿಕೊಂಡು ನಕ್ಕರು. ಈಗ ಅವರೇ ನಮ್ಮ ಮನೆ ಮಾಲೀಕರ ಪಾತ್ರ. ಸಂಬಳ ಒಂದು ಡಬ್ಬಿ ಚಿತ್ರಾನ್ನ. ಮೆಣಸಿನಕಾಯಿ ಆರಿಸಿ ತೆಗೆದು ಕೊಡಬೇಕು.

ನೀನೇ ಯೋಚನೆ ಮಾಡು. ಗಣಪಣ್ಣ ಹವ್ಯಾಸಿ ಮೇಳದಲ್ಲಿ ದ್ರೌಪದಿ ಆದಾಗ ಐದು ಗಂಡಂದಿರ ಲೆಕ್ಕ ಯಾರಾದರೂ ಕೇಳಿದರಾ? ಚಿಕ್ಕವಳಿದ್ದಾಗ ನನ್ನನ್ನು ಹೆಗ್ಗೋಡಿಗೆ ಕರೆದುಕೊಂಡು ಹೋಗಿ ನಾಟಕ ತೋರಿಸಿದ್ದು ಅಪ್ಪನೇ ಅಲ್ವಾ? ನಾನೊಂದು ದಾರ ಕಟ್ಟಿಕೊಂಡರೆ ಮಾತ್ರ ಊರಿಗೆಲ್ಲ ನಿದ್ದೆ ಇಲ್ಲ.

ಶಿವಮೊಗ್ಗದವರು ಜಾತಕ ವಾಪಸ್ ಕೇಳಿದ್ದಾರೆ ಅಂತ ಅಳಬೇಡ. ಕೊಟ್ಟುಬಿಡು. ಒಂದು ಫೋಟೋ ನೋಡಿ, ನನ್ನನ್ನು ಒಂದು ಮಾತೂ ಕೇಳದೆ ತೀರ್ಮಾನ ಮಾಡುವವರ ಜೊತೆ ಏನು ಸಂಸಾರ? ಮದುವೆ ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಆಗುತ್ತೇನೆ. ನಿಮ್ಮನ್ನೆಲ್ಲ ಕರೆದೇ ಆಗುತ್ತೇನೆ. ಸರಣಿ ಮುಗಿಯಲಿ, ಕೂತು ಮಾತಾಡೋಣ. ಹಾಸನದ ಹುಡುಗನ ಬಗ್ಗೆ ಇಷ್ಟೊಂದು ಕೇಳಿದ್ದೀಯ, ಹೇಳಲು ಏನೂ ಇಲ್ಲ. ಒಳ್ಳೆಯವನು, ಪಾತ್ರೆ ತೊಳೆಯುತ್ತಾನೆ, ಅಷ್ಟೇ. ಚಿಂತೆ ಮಾಡಬೇಡ. ನಿಜವಾಗಿಯೂ ಚಿಂತೆ ಮಾಡುವಂಥದ್ದು ಏನೂ ಇಲ್ಲ.

ಒಂದು ಕೆಲಸ ಇದೆ. ಹುಡುಗಿಯ ಅಮ್ಮ ಫೋನಿನಲ್ಲಿ ಬೈಯುವ ದೃಶ್ಯಕ್ಕೆ ಧ್ವನಿ ಬೇಕು. ಮಾತು ಬರೆದು ಪುಟ್ಟಿಗೆ ಕಳಿಸಿದ್ದೇನೆ, ಓದಿ ರೆಕಾರ್ಡ್ ಮಾಡಿ ಕಳಿಸು. ಫ್ಯಾನ್ ಆರಿಸಿ, ಕಂಬಳಿ ಹೊದ್ದುಕೊಂಡು ಮಾತಾಡು, ಆಗ ಗೋಡೆಗೆ ಬಡಿದು ಮಾತು ಪ್ರತಿಧ್ವನಿಸುವುದಿಲ್ಲ. ನಿನಗೆ ಅಭ್ಯಾಸವೇನೂ ಬೇಕಾಗಿಲ್ಲ. ಹುಡುಗನ ಅಮ್ಮನ ಮಾತು ಬಂದಾಗಿದೆ, ಅವನಮ್ಮನೇ ಕಳಿಸಿದ್ದಾರೆ. ಚೆನ್ನಾಗಿ ಮಾತಾಡುತ್ತಾರೆ ಪಾಪ.

ಇಲ್ಲಿ ಈಗ ನಾಲ್ಕೂವರೆಗೇ ಕತ್ತಲೆ. ಬೀದಿ ಶಾಟ್ ಒಂದು ಬಾಕಿ ಇದೆ, ಕೆಳಗೆ ಬೆಲ್ ಹೊಡೆಯುತ್ತಿದ್ದಾರೆ. ಬರುತ್ತೇನೆ. ಅತ್ತೆಗೆ ಏನೂ ಹೇಳಬೇಡ.

ನಿನ್ನ ಮಗಳು